ಆ ಒಂದು ಗಂಟೆಯ ಲೆಕ್ಕ

ನಾನು ಬಿ.ಕಾಂ. ಓದಿದವನು, ವೈದ್ಯನಲ್ಲ. ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು, ಅಷ್ಟೂ ಬ್ಯಾಂಕಿನಲ್ಲೇ. ಆದರೂ ಇದನ್ನು ಬರೆಯಲೇಬೇಕು ಅನ್ನಿಸಿತು.

2019ರ ಮಾರ್ಚ್ 30, ಶನಿವಾರ. ಇಯರ್ ಎಂಡಿಂಗಿನ ಗಡಿಬಿಡಿ. ಡೊಂಬಿವಿಲಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಆರೂಮುಕ್ಕಾಲಕ್ಕೆ ಹೆಂಡತಿ ದೋಸೆ ಹುಯ್ಯುತ್ತಿದ್ದಾಗ ಸೌಟು ಕೈಯಿಂದ ಜಾರಿತು. "ರೀ, ಬಲಗೈ ಯಾಕೋ ಮರಗಟ್ಟಿದ ಹಾಗಿದೆ" ಅಂದಳು. ಮಾತೂ ಸ್ವಲ್ಪ ತೊದಲಿತು. ನಾನೇನು ಮಾಡಿದೆ ಗೊತ್ತೇ? "ಗ್ಯಾಸ್ ಇರಬೇಕು, ಸ್ವಲ್ಪ ಮಲಗು" ಅಂದು ಸ್ನಾನಕ್ಕೆ ಹೋದೆ! ಸ್ನಾನ, ಪೂಜೆ, ಆಮೇಲೆ ಎರಡು ಸೀದ ದೋಸೆ. ಏಳೂಮುಕ್ಕಾಲಕ್ಕೆ ಪಕ್ಕದ ಮನೆಯ ಮರಾಠಿ ಅಜ್ಜಿ ಬಂದವರು, ಇವಳ ಬಾಯಿ ಸೊಟ್ಟಗಾಗಿದೆಯಲ್ಲಾ ಎಂದು ಕೂಗಿಕೊಂಡಾಗಲೇ ನನಗೆ ಹೊಳೆದದ್ದು. ಲಕ್ವ! ತೀರ್ಥಹಳ್ಳಿ ಕಡೆ ನಮ್ಮ ಸೋದರಮಾವನಿಗೆ ಹೊಡೆದಾಗ ಪಾರಿವಾಳದ ರಕ್ತ ಹಚ್ಚಿಸುತ್ತಾ ವಾರ ಕಳೆದಿದ್ದರು. ಅವರು ಮತ್ತೆ ಮಂಚದಿಂದ ಏಳಲಿಲ್ಲ. ಅವರ ದಡ್ಡತನದ ಬಗ್ಗೆ ಭಾಷಣ ಬಿಗಿಯುತ್ತಿದ್ದ ವಿದ್ಯಾವಂತ ನಾನು.

ರಿಕ್ಷಾ ಹಿಡಿದು ಆಸ್ಪತ್ರೆ ಮುಟ್ಟಿದಾಗ ಎಂಟೂಕಾಲು. ಡಾಕ್ಟರು ಮೊದಲು ಕೇಳಿದ್ದೇ "ಕೊನೆಯ ಸಲ ಸರಿಯಿದ್ದದ್ದು ಎಷ್ಟು ಹೊತ್ತಿಗೆ?" ಅಂತ. ಆಮೇಲೆ ಸಿಟಿ ಸ್ಕ್ಯಾನ್. ಮಿದುಳಿನ ರಕ್ತನಾಳ ಒಡೆದಿದೆಯೋ, ರಕ್ತ ಹೆಪ್ಪುಗಟ್ಟಿ ಮುಚ್ಚಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಒಡೆದಿದ್ದರೆ ಹೆಪ್ಪು ಕರಗಿಸುವ ಔಷಧಿಯೇ ವಿಷ. (ಮನೆಯಲ್ಲೇ ಆಸ್ಪಿರಿನ್ ನುಂಗಿಸಬಾರದು ಎನ್ನುವುದೂ ಇದಕ್ಕೇ.) ಇವಳದ್ದು ಹೆಪ್ಪು. ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು; ಅದರೊಳಗೂ ಬೇಗ ಕೊಟ್ಟಷ್ಟು ಗುಣ ಹೆಚ್ಚು. ದೊಡ್ಡ ರಕ್ತನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವಂತೆ. ಬ್ಯಾಂಕಿನವನ ಚಾಳಿ ನೋಡಿ, ಅರವತ್ತರಿಂದ ಗುಣಿಸಿದೆ. 11 ಕೋಟಿ 40 ಲಕ್ಷ.

ಒಂಬತ್ತಕ್ಕೆ ಇಂಜೆಕ್ಷನ್ ಬಿತ್ತು. ಈಗ ಚೆನ್ನಾಗಿ ನಡೆಯುತ್ತಾಳೆ, ಮಾತೂ ಸ್ಪಷ್ಟ. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ನಾನು ಸ್ನಾನ ಪೂಜೆಯಲ್ಲಿ ಕಳೆದ ಆ ಗಂಟೆಯ ಬಗ್ಗೆ ಇವತ್ತಿಗೂ ಒಂದು ಮಾತು ಆಡಿದವಳಲ್ಲ. ಆರು ತಿಂಗಳ ನಂತರ ನಮ್ಮ ಬ್ರಾಂಚಿನ ಹುಡುಗ ಅವಳ ಚೆಕ್ ಹಿಡಿದು ಬಂದು, "ಸರ್, ಮೇಡಂ ಸಹಿ ತಾಳೆಯಾಗ್ತಿಲ್ಲ" ಅಂದ. ಮರುದಿನ ಅವಳನ್ನೇ ಬ್ರಾಂಚಿಗೆ ಕರೆದುಕೊಂಡು ಹೋದೆ. ಎಡಗೈಯಿಂದ ಬಲಗೈ ಹಿಡಿದುಕೊಂಡು ಮೂರು ಸಲ ಸಹಿ ಹಾಕಿ ಕಾರ್ಡನ್ನು ನನ್ನತ್ತ ತಳ್ಳಿ, "ಇದು ನಡೆಯುತ್ತೇನ್ರೀ?" ಅಂದಳು.