ಸಾಸಿನ ಜಗಳ, ಕುರ್ಚಿಯ ಜಗಳ



ಅಮೆರಿಕದವರು ಬಾರ್ಬೆಕ್ಯೂ ವಿಷಯಕ್ಕೆ ಆಡೋ ಜಗಳ ನೋಡಬೇಕು ನೀವು. ನಮ್ಮಲ್ಲಿ ಮುದ್ದೆಯವರಿಗೂ ರೊಟ್ಟಿಯವರಿಗೂ ನಡೆಯುತ್ತಲ್ಲ, ಅದರಪ್ಪನಂಥ ಜಗಳ. ರಾಜ್ಯಕ್ಕೊಂದು ರೀತಿ, ಒಂದೇ ರಾಜ್ಯದೊಳಗೂ ಎರಡು ರೀತಿ. ಉತ್ತರ ಕೆರೊಲಿನಾದ ಪೂರ್ವದ ಕಡೆಯವರು ಇಡೀ ಹಂದಿಯನ್ನೇ ಕೆಂಡದ ಮೇಲೆ ನಿಧಾನಕ್ಕೆ ಬೇಯಿಸಿ, ಬಿಡಿಸಿ, ವಿನೆಗರ್ ಮತ್ತು ಮೆಣಸಿನಕಾಯಿ ಖಾರದ ನೀರು ಸೇರಿಸ್ತಾರೆ. ಅದೇ ರಾಜ್ಯದ ಲೆಕ್ಸಿಂಗ್ಟನ್ ಕಡೆಯವರು ಹಂದಿಯ ಭುಜದ ಮಾಂಸ ಮಾತ್ರ ತಗೊಂಡು, ಆ ವಿನೆಗರ್‌ಗೆ ಒಂದಿಷ್ಟು ಕೆಚಪ್ ಹಾಕ್ತಾರೆ. ಇಷ್ಟೇ ವ್ಯತ್ಯಾಸ. ಆ ಒಂದಿಷ್ಟು ಕೆಚಪ್ಪಿಗೇ ತಲೆಮಾರುಗಳಿಂದ ಮಾತಿಗೆ ಮಾತು ಬೆಳೆದಿದೆ.

ಪಕ್ಕದ ದಕ್ಷಿಣ ಕೆರೊಲಿನಾಕ್ಕೆ ಬಂದರೆ ಸಾಸಿವೆಯ ಹಳದಿ ಸಾಸ್. ಅಲ್ಲಿಗೆ ಬಂದು ನೆಲೆಸಿದ ಜರ್ಮನ್ನರು ತಂದ ರುಚಿ ಅಂತ ಹೇಳ್ತಾರೆ. ಅಲಬಾಮಾದ ಉತ್ತರದಲ್ಲಿ ಮೇಯನೇಸಿನ ಬಿಳಿ ಸಾಸ್, ಅದೂ ಕೋಳಿಗೆ. ಮೆಂಫಿಸ್‌ನಲ್ಲಿ ಹಂದಿಯ ಪಕ್ಕೆಲುಬು, ಬರೀ ಮಸಾಲೆ ಪುಡಿ ಉಜ್ಜಿದ್ದು ಬೇಕೋ ಸಾಸ್ ಸವರಿದ್ದು ಬೇಕೋ ಅಂತ ಮತ್ತೊಂದು ಒಳಜಗಳ. ಕೆಂಟಕಿಯ ಓವೆನ್ಸ್‌ಬರೋದಲ್ಲಿ ಕುರಿ ಮಾಂಸ. ಟೆಕ್ಸಸ್‌ನವರಿಗೆ ಹಂದಿಯೇ ಲೆಕ್ಕಕ್ಕಿಲ್ಲ, ದನದ ಎದೆ ಭಾಗ, ಅಂದರೆ ಬ್ರಿಸ್ಕೆಟ್ ಬೇಕು. ಉಪ್ಪು, ಕಾಳುಮೆಣಸು, ಓಕ್ ಮರದ ಹೊಗೆ, ಅಷ್ಟೇ. ಅಲ್ಲಿನ ಲಾಕ್‌ಹಾರ್ಟ್ ಊರಿನ ಒಂದು ಹೆಸರುವಾಸಿ ಅಂಗಡಿಯಲ್ಲಿ ಬಹಳ ಕಾಲ ಸಾಸೂ ಕೊಡ್ತಿರಲಿಲ್ಲ, ಫೋರ್ಕೂ ಕೊಡ್ತಿರಲಿಲ್ಲ. ಕಾಗದದ ಮೇಲೆ ಮಾಂಸ ಇಟ್ಟು ಕೊಡೋದು, ಕೈಯಲ್ಲಿ ತಿನ್ನೋದು. ನನಗೆ ಇದು ಬಹಳ ಹಿಡಿಸಿತು.

ಯೂಟ್ಯೂಬಲ್ಲಿ ಈ ಜಗಳಗಳನ್ನ ನೋಡ್ತಾ ನೋಡ್ತಾ ನನಗೆ ಒಂದು ಹೊಟ್ಟೆಕಿಚ್ಚು ಹುಟ್ತು, ಸುಳ್ಳು ಹೇಳಲ್ಲ. ಟೆಕ್ಸಸ್‌ನವನು ದನದ ಎದೆ ಮಾಂಸವನ್ನ ಎಷ್ಟು ಗಂಟೆ ಬೇಯಿಸಬೇಕು ಅಂತ ನಗ್ತಾ ವಾದ ಮಾಡ್ತಾನೆ. ಕರ್ನಾಟಕದಲ್ಲಿ 2020ರ ಕಾಯ್ದೆ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ಯಾವ ದನ ಕಡಿದರೂ 3ರಿಂದ 7 ವರ್ಷ ಜೈಲು. ಅವನ ಜಗಳ ರುಚಿಯದ್ದು. ನಮ್ಮಲ್ಲಿ ಅದೇ ಮಾತಿಗೆ ಪೊಲೀಸರು ಬರ್ತಾರೆ.

ಆದರೆ ಅಲ್ಲೂ ಜಗಳ ಶುರುವಿನಿಂದ ಬರೀ ಸಾಸಿನದ್ದಾಗಿರಲಿಲ್ಲ. ಅದನ್ನ ಹೇಳೋಕೇ ಇಷ್ಟು ಉದ್ದ ಬರೀತಿದೀನಿ.

ದಕ್ಷಿಣದ ರಾಜ್ಯಗಳಲ್ಲಿ ನೆಲದಲ್ಲಿ ಗುಂಡಿ ತೋಡಿ, ಕಟ್ಟಿಗೆ ಸುಟ್ಟು ಕೆಂಡ ಮಾಡಿ, ರಾತ್ರಿಯೆಲ್ಲ ಎದ್ದಿದ್ದು ಆ ಕೆಂಡವನ್ನ ಸಲಿಕೆಯಲ್ಲಿ ಎತ್ತಿ ಎತ್ತಿ ಮಾಂಸದ ಕೆಳಗೆ ಹರಡುತ್ತಿದ್ದವರು ಯಾರು? ಗುಲಾಮರಾಗಿದ್ದ ಕಪ್ಪು ಜನ. ಧಣಿಗಳ ಹಬ್ಬಕ್ಕೆ, ರಾಜಕೀಯದವರ ಸಭೆಗೆ, ಎಲ್ಲದಕ್ಕೂ ಅವರೇ ಬೇಯಿಸಿದ್ದು. ಹೊಗೆ ಕುಡಿದವರು ಅವರು, ಕುರ್ಚಿಯಲ್ಲಿ ಕೂತವರು ಬೇರೆ. ಮನೆಯೊಳಗೆ ಅವರ ಪಾಲಿಗೆ ಉಳಿದದ್ದು ಧಣಿಗೆ ಬೇಡವಾದ ಕಾಲು, ಕಿವಿ, ಕರುಳು. ಆ ಹಂದಿ ಕರುಳಿಗೆ ಅವರು ಚಿಟ್ಲಿನ್ಸ್ ಅಂತಾರೆ. ನಾವು ಬೋಟಿ ಅಂತೀವಿ. ಪ್ರಾಣಿ ಬೇರೆ, ತೊಳೆಯೋ ಕಷ್ಟ ಒಂದೇ.

ಕಾನ್ಸಾಸ್ ಸಿಟಿಯ ಬಾರ್ಬೆಕ್ಯೂ ಅಂದರೆ ಇವತ್ತು ದಪ್ಪನೆಯ ಸಿಹಿ ಸಾಸ್ ಅಂತ ಲೋಕಕ್ಕೆಲ್ಲ ಗೊತ್ತು. ಅದನ್ನ ಶುರು ಮಾಡಿದವನು ಹೆನ್ರಿ ಪೆರ್ರಿ ಅಂತ ಕಪ್ಪು ಮನುಷ್ಯ. ಟೆನೆಸಿಯಿಂದ ಬಂದವನು, ನದಿ ಹಡಗುಗಳಲ್ಲಿ ಅಡುಗೆ ಮಾಡಿದವನು. 1908ರ ಹೊತ್ತಿಗೆ ಊರಿನ ಒಂದು ಸಂದಿಯಲ್ಲಿ ಅಂಗಡಿ ಇಟ್ಟು ನ್ಯೂಸ್ ಪೇಪರಿನಲ್ಲಿ ಮಾಂಸ ಸುತ್ತಿ ಮಾರ್ತಿದ್ದ. ತಮಾಷೆ ಏನಂದ್ರೆ ಅವನ ಸಾಸ್ ಸಿಹಿ ಇರಲೇ ಇಲ್ಲವಂತೆ, ಸಖತ್ ಖಾರ. ಅವನ ಹತ್ರ ಕೆಲಸ ಕಲಿತ ಚಾರ್ಲಿ ಬ್ರ್ಯಾಂಟ್, ಆಮೇಲೆ ಚಾರ್ಲಿಯ ತಮ್ಮ ಆರ್ಥರ್ ಬ್ರ್ಯಾಂಟ್ ಆ ವ್ಯಾಪಾರ ನಡೆಸಿದರು. 1970ರ ದಶಕದಲ್ಲಿ ಕ್ಯಾಲ್ವಿನ್ ಟ್ರಿಲಿನ್ ಅನ್ನೋ ಬರಹಗಾರ ಜಗತ್ತಿನಲ್ಲೇ ಶ್ರೇಷ್ಠ ಹೋಟೆಲು ಆರ್ಥರ್ ಬ್ರ್ಯಾಂಟಿನದ್ದು ಅಂತ ಬರೆದ ಮೇಲೆ ದೇಶಕ್ಕೆಲ್ಲ ಹೆಸರಾಯ್ತು. ಕಲಿಸಿದ ಪೆರ್ರಿ 1940ರಲ್ಲೇ ತೀರಿಹೋಗಿದ್ದ.

ಈಗ ಕುರ್ಚಿಯ ಜಗಳಕ್ಕೆ ಬರೋಣ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲೀಸ್ ಬಾರ್ಬೆಕ್ಯೂ ಅಂತ ಒಂದು ಹೋಟೆಲು. ಶುರುವಾಗಿದ್ದು 1927ರಲ್ಲಿ. ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದೂ ಅದೇ ವರ್ಷ, ನೆನಪಿರಲಿ. ಈ ಹೋಟೆಲಲ್ಲಿ 36 ಜನ ಕೆಲಸಗಾರರು, ಅದರಲ್ಲಿ ಮೂರನೇ ಎರಡು ಪಾಲು ಕಪ್ಪು ಜನ. ಗಿರಾಕಿಯಾಗಿ ಬಂದರೆ ಮಾತ್ರ ಕಪ್ಪು ಜನ ಒಳಗೆ ಕೂರೋ ಹಾಗಿಲ್ಲ, ಪೊಟ್ಟಣ ಕಟ್ಟಿಸಿಕೊಂಡು ಹೋಗಬೇಕು. ಅವರ ಕೈ ದುಡಿದ ತಟ್ಟೆ ನಡೆಯುತ್ತೆ, ಆ ತಟ್ಟೆ ಮುಂದೆ ಅವರು ಕೂರೋದು ನಡೆಯಲ್ಲ. ಇದನ್ನ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

1964ರ ಜುಲೈನಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಹೋಟೆಲಿನವರು ಕೋರ್ಟಿಗೆ ಹೋದರು. ನಾವು ಒಂದು ಊರಿನ ಸಣ್ಣ ವ್ಯಾಪಾರದವರು, ಕೇಂದ್ರ ಸರ್ಕಾರಕ್ಕೆ ನಮ್ಮ ಮೇಲೆ ಏನು ಹಕ್ಕು ಅನ್ನೋದು ಅವರ ವಾದ. ಆಗ ಎಲ್ಲರ ಕಣ್ಣು ಬಿದ್ದದ್ದು ಮಾಂಸದ ಮೇಲೆ! ಹೋಟೆಲು ವರ್ಷಕ್ಕೆ ಕೊಳ್ಳುತ್ತಿದ್ದ ಸುಮಾರು ಒಂದೂವರೆ ಲಕ್ಷ ಡಾಲರಿನ ಆಹಾರ ಸಾಮಗ್ರಿಯಲ್ಲಿ ಶೇಕಡಾ 46ರಷ್ಟು ಮಾಂಸ, ಅದು ಬರ್ತಿದ್ದದ್ದು ಹೊರರಾಜ್ಯದಿಂದ. ಹಾಗಾಗಿ ಇದು ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ, ಕೇಂದ್ರದ ಕಾಯ್ದೆ ಅನ್ವಯಿಸುತ್ತೆ ಅಂತ ಆ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪು ಕೊಟ್ಟಿತು. ಮನುಷ್ಯನಿಗೆ ಕೂರುವ ಹಕ್ಕು ಕೊಡಿಸೋಕೆ ಮಾಂಸದ ಲೆಕ್ಕ ಹಿಡೀಬೇಕಾಯ್ತು ನೋಡಿ. ನಾನು ಕಡತ ನೋಡಿಕೊಂಡು ಸಂಬಳ ತಗೊಳ್ಳೋ ಗುಮಾಸ್ತ, ಈ ತೀರ್ಪನ್ನ ಬಲು ಖುಷಿಯಿಂದ ಓದಿದೆ.

ಇನ್ನೊಂದು ದಕ್ಷಿಣ ಕೆರೊಲಿನಾದ್ದು. ಸಾಸಿವೆ ಸಾಸಿಗೆ ಹೆಸರಾದ ಪಿಗ್ಗೀ ಪಾರ್ಕ್ ಹೋಟೆಲುಗಳು, ಮಾಲೀಕ ಮಾರಿಸ್ ಬೆಸಿಂಜರ್. 1964ರಲ್ಲಿ ಪಾದ್ರಿಯೊಬ್ಬರ ಹೆಂಡತಿ ಆನ್ ನ್ಯೂಮನ್ ಅನ್ನೋ ಕಪ್ಪು ಹೆಣ್ಣುಮಗಳಿಗೆ ಊಟ ಕೊಡಲಿಲ್ಲ. ಕೇಸಾಯ್ತು. ಬಿಳಿಯರು ಕರಿಯರು ಬೆರೆಯೋದು ದೇವರ ಇಚ್ಛೆಗೆ ವಿರುದ್ಧ, ಅದು ನನ್ನ ಧರ್ಮ ಅಂತ ಮಾಲೀಕನ ವಾದ. ದೇವರು, ಧರ್ಮ! ಸಮುದ್ರದಾಚೆಗೂ ಅದೇ ಪಾಠ. 1968ರಲ್ಲಿ ಸುಪ್ರೀಂ ಕೋರ್ಟು ಆ ವಾದದಲ್ಲಿ ಹುರುಳೇ ಇಲ್ಲ ಅಂದಿತು, ನ್ಯೂಮನ್ ಅವರ ಕಡೆಯ ವಕೀಲರ ಖರ್ಚನ್ನೂ ಕೊಡಿಸುವ ದಾರಿ ಮಾಡಿತು. ಆದರೂ ಆಸಾಮಿ ಬಗ್ಗಲಿಲ್ಲ. 2000ದಲ್ಲಿ ಗುಲಾಮಗಿರಿ ಉಳಿಸೋಕೆ ಯುದ್ಧ ಮಾಡಿದವರ ಬಾವುಟವನ್ನ ಹೋಟೆಲ ಮೇಲೆ ಹಾರಿಸಿದ. ದೊಡ್ಡ ದೊಡ್ಡ ಸೂಪರ್ ಮಾರ್ಕೆಟ್‌ಗಳು ಅವನ ಸಾಸಿನ ಬಾಟಲಿಗಳನ್ನ ತೆಗೆದುಹಾಕಿದವು. ಹಳದಿ ಸಾಸ್ ಚೆನ್ನಾಗಿರುತ್ತೋ ಇಲ್ಲವೋ ಅಂತ ಇವತ್ತು ಯಾರಾದರೂ ನಗ್ತಾ ವಾದ ಮಾಡುವಾಗ ಆನ್ ನ್ಯೂಮನ್ ಹೆಸರೂ ಬರಬೇಕು ಅನ್ನೋದು ನನ್ನ ಹಟ.

ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು ಅಂತ ಹೆಸರು ಹಿಡಿದೇ ಬರೆದಿದ್ದಾರೆ, 1950ರಲ್ಲೇ. ಅಮೆರಿಕಕ್ಕಿಂತ 14 ವರ್ಷ ಮುಂಚೆ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ಅವರ ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಕೇಳಿದ್ದರು. ಕಾನೂನಿನಲ್ಲಿ ನಾವು ಹಿಂದೆ ಬಿದ್ದವರಲ್ಲ. ಎರಡು ಲೋಟ ಎಲ್ಲಿ ಹೋಯ್ತು ಅಂತ ಕೇಳಿದರೆ, ಎಷ್ಟೋ ಕಡೆ ಅದು ಪ್ಲಾಸ್ಟಿಕ್ ಕಪ್ ಆಗಿದೆ ಅಷ್ಟೇ.

ನಮ್ಮ ಆಫೀಸಲ್ಲೂ ಮಧ್ಯಾಹ್ನ ಊಟದ ಹೊತ್ತಿಗೆ ಜಗಳ ನಡೆಯುತ್ತೆ. ಬಿಸಿಬೇಳೆಬಾತಿಗೆ ಈರುಳ್ಳಿ ಹಾಕಬೇಕೋ ಬೇಡವೋ, ಮಂಗಳೂರಿನವರ ಸಾರು ಸಾರೋ ಸಾಂಬಾರೋ. ನಗ್ತಾರೆ, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕ್ತಾರೆ. "ಏನ್ ಸಾರ್ ಇವತ್ತು ನಿಮ್ದು?" ಅಂತ ನನ್ನನ್ನೂ ಕೇಳ್ತಾರೆ. "ಬೋಟಿ ಗೊಜ್ಜು" ಅಂದೆ ಒಂದು ದಿನ. ಯಾರೂ ಬೈಯಲಿಲ್ಲ, ನೋಡಿ. ಮಾತು ನಿಂತುಹೋಯ್ತು, ಒಬ್ಬರು ಕುರ್ಚಿಯನ್ನ ಒಂದು ಅಡಿ ಸರಿಸಿಕೊಂಡರು. ಚೆನ್ನಾಗಿಲ್ಲ ಅಂತ ವಾದಕ್ಕಾದ್ರೂ ಬಂದಿದ್ದರೆ ನನಗೆ ಖುಷಿಯಾಗ್ತಿತ್ತು. ನಾನು ಈಗಲೂ ತಗೊಂಡೇ ಹೋಗ್ತೀನಿ, ಮುಚ್ಚಳ ಪೂರ್ತಿ ತೆಗೆದೇ ತಿನ್ತೀನಿ.

ಅಲ್ಲಿ ಕತೆ ನಿಂತಿಲ್ಲ. 2018ರಲ್ಲಿ ದಕ್ಷಿಣ ಕೆರೊಲಿನಾದ ರಾಡ್ನಿ ಸ್ಕಾಟ್, ಇಡೀ ಹಂದಿ ಬೇಯಿಸೋ ಕಪ್ಪು ಬಾಣಸಿಗ, ಅಡುಗೆಯವರಿಗೆ ಅಲ್ಲಿ ಕೊಡೋ ದೊಡ್ಡ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದ. 2021ರಲ್ಲಿ ಏಡ್ರಿಯನ್ ಮಿಲ್ಲರ್ ಅನ್ನೋರು ಕಪ್ಪು ಜನರ ಬಾರ್ಬೆಕ್ಯೂ ಇತಿಹಾಸವನ್ನೇ 'ಬ್ಲ್ಯಾಕ್ ಸ್ಮೋಕ್' ಅನ್ನೋ ಪುಸ್ತಕ ಮಾಡಿದರು. ಬೋಟಿಗೆ, ರಕ್ತದ ಪಲ್ಯಕ್ಕೆ, ಒಣಗಿಸಿದ ಬಾಡಿಗೆ ನಮ್ಮ ಕೇರಿಗಳಿಂದಲೂ ಅಂಥ ಪುಸ್ತಕಗಳು ರಾಶಿ ಬರಬೇಕು ಅನ್ನೋದು ನನ್ನಾಸೆ.

ಅಲ್ಲೀವರೆಗೆ ಕಾಮೆಂಟಲ್ಲೇ ಶುರು ಮಾಡೋಣ. ನಮ್ಮ ಕಡೆ ಬೋಟಿಗೆ ಅವರೆಕಾಳು ಹಾಕ್ತೀವಿ, ತೆಂಗಿನಕಾಯಿ ರುಬ್ಬಿ ಹಾಕ್ತೀವಿ. ನಮ್ಮ ಮನೆಯಾಕೆ ಕಲಬುರಗಿ ಕಡೆಯವಳು, "ಬೋಟಿಗಿ ಕಾಳ್ ಯಾಕ್ರಿ, ಖಾರಾ ಹಾಕ್ರಿ" ಅಂತಾಳೆ. ಇಪ್ಪತ್ತು ವರ್ಷದಿಂದ ತೀರ್ಮಾನ ಆಗಿಲ್ಲ. ನಿಮ್ಮ ಕೇರಿಯಲ್ಲಿ ಹೇಗೆ ಮಾಡ್ತಾರೆ, ಬರೀರಿ. ಅವರೆಕಾಳು ಬೇಡ ಅನ್ನೋರು ಕಾರಣ ಸಮೇತ ಬನ್ನಿ.

ಜೈ ಭೀಮ್.