135ನೇ ಬೀದಿಯ ಗ್ರಂಥಾಲಯ

ನ್ಯೂಯಾರ್ಕಿಗೆ ಹೋದವರು ಸಾಮಾನ್ಯವಾಗಿ ಸ್ವಾತಂತ್ರ್ಯದೇವಿಯ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡ ನೋಡಿ ಹಿಂದಿರುಗುತ್ತಾರೆ. ಅದೇ ಮ್ಯಾನ್‌ಹಟನ್ ದ್ವೀಪದ ಉತ್ತರಕ್ಕೆ ಹಾರ್ಲೆಮ್ ಎಂಬ ಬಡಾವಣೆಯಿದೆ. ಭೂಗತ ರೈಲಿನಲ್ಲಿ 135ನೇ ಬೀದಿಯ ನಿಲ್ದಾಣಕ್ಕೆ ಬಂದು ಮೆಟ್ಟಿಲು ಹತ್ತಿದರೆ ಅಲ್ಲೇ ಮೂಲೆಯಲ್ಲಿ ಶಾಂಬರ್ಗ್ ಕೇಂದ್ರವೆಂಬ ಗ್ರಂಥಾಲಯ. ಹಾರ್ಲೆಮ್ ನೋಡಲು ಒಂದೇ ಗಂಟೆ ಇದ್ದರೆ ಅದನ್ನು ಇಲ್ಲಿ ಕಳೆಯಿರಿ.

1900ರ ಆಸುಪಾಸಿನಲ್ಲಿ, ಭೂಗತ ರೈಲು ಬರುತ್ತದೆಂಬ ಆಸೆಯಿಂದ ಇಲ್ಲಿ ಅನುಕೂಲಸ್ಥ ಬಿಳಿಯರಿಗಾಗಿ ಸಾಲುಸಾಲು ಮನೆ ಕಟ್ಟಿದರು. ಬೇಡಿಕೆಗಿಂತ ಮನೆಗಳೇ ಹೆಚ್ಚಾದವು. ಖಾಲಿ ಬಿದ್ದವು ಕಪ್ಪು ಜನರಿಗೆ ಸಿಕ್ಕವು, ಅದೂ ದುಬಾರಿ ಬಾಡಿಗೆಗೆ. ದಕ್ಷಿಣದ ರಾಜ್ಯಗಳಲ್ಲಿ ಹತ್ತಿಗೆ ಹುಳು ಬಿದ್ದಿತ್ತು. ಬಿಳಿಯರ ಗುಂಪು ಹಿಡಿದು ಕೊಂದೀತೆಂಬ ಭಯ ಅದಕ್ಕಿಂತ ದೊಡ್ಡದು. ಮೊದಲ ಮಹಾಯುದ್ಧದ ಕಾಲಕ್ಕೆ ಉತ್ತರದ ಕಾರ್ಖಾನೆಗಳಲ್ಲಿ ಕೆಲಸ ಸಿಗತೊಡಗಿತು. ಹೀಗೆ ಬಂದು ನೆಲೆಸಿದವರ ನಡುವೆ 1920ರ ದಶಕದಲ್ಲಿ ಕಾವ್ಯ, ಸಂಗೀತ, ಚಿತ್ರಕಲೆ ಒಟ್ಟಿಗೇ ಅರಳಿದವು. ಇದೇ ಹಾರ್ಲೆಮ್ ನವೋದಯ.

ಗ್ರಂಥಾಲಯದ ಹೆಸರು ಆರ್ತುರೋ ಶಾಂಬರ್ಗ್ ಅವರದು. ಹುಟ್ಟಿದ್ದು 1874ರಲ್ಲಿ, ಪೋರ್ಟೊರಿಕೊದಲ್ಲಿ. ಕಪ್ಪು ಜನರಿಗೆ ಇತಿಹಾಸವೇ ಇಲ್ಲವೆಂದು ಬಾಲ್ಯದಲ್ಲಿ ಶಿಕ್ಷಕರೊಬ್ಬರು ಹೇಳಿದರಂತೆ. ತರಗತಿಯಲ್ಲಿ ನಾವು ಆಡಿ ಮರೆತ ಮಾತು ಮಕ್ಕಳಲ್ಲಿ ಎಷ್ಟು ಕಾಲ ಉಳಿದೀತೆಂದು ನೆನೆದರೆ ಮೇಷ್ಟರಾದ ನನಗೆ ಹೆದರಿಕೆಯಾಗುತ್ತದೆ. ಶಾಂಬರ್ಗ್ ವಾದಕ್ಕಿಳಿಯದೆ ಪುರಾವೆ ಕೂಡಿಹಾಕಿದರು. ಬ್ಯಾಂಕೊಂದರ ಅಂಚೆ ವಿಭಾಗದಲ್ಲಿ ದುಡಿಯುತ್ತಲೇ ಸಾವಿರಾರು ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಸಂಗ್ರಹಿಸಿದರು. 1926ರಲ್ಲಿ ಕಾರ್ನೆಗಿ ಸಂಸ್ಥೆಯ 10,000 ಡಾಲರ್ ನೆರವಿನಿಂದ ಅದೆಲ್ಲ ಈ ಗ್ರಂಥಾಲಯ ಸೇರಿತು. ಇಂದು ಇಲ್ಲಿರುವ ವಸ್ತುಗಳು ಒಂದು ಕೋಟಿಗೂ ಹೆಚ್ಚು.

1921ರಲ್ಲಿ ಇದೇ 135ನೇ ಬೀದಿಯ ನಿಲ್ದಾಣದಲ್ಲಿ ಒಬ್ಬ ತರುಣ ಬಂದಿಳಿದ. ಹೆಸರು ಲ್ಯಾಂಗ್‌ಸ್ಟನ್ ಹ್ಯೂಸ್. ಮೆಕ್ಸಿಕೊದಲ್ಲಿದ್ದ ತಂದೆಗೆ ಮಗ ಎಂಜಿನಿಯರ್ ಆಗಬೇಕು; ಬರೆದು ಹೊಟ್ಟೆ ಹೊರೆಯುವುದು ಆಗದ ಮಾತು. (ಪಿಯುಸಿ ಫಲಿತಾಂಶದ ದಿನಗಳಲ್ಲಿ ನಮ್ಮ ಮನೆಗಳಲ್ಲೂ ಇದೇ ಸಂಭಾಷಣೆ.) ಹುಡುಗ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ, ಆದರೆ ಮನಸ್ಸು ಪಕ್ಕದ ಹಾರ್ಲೆಮ್‌ನಲ್ಲಿ. ಒಂದೇ ವರ್ಷಕ್ಕೆ ಕಾಲೇಜು ಬಿಟ್ಟ. 1923ರಲ್ಲಿ ಆಫ್ರಿಕಾಕ್ಕೆ ಹೊರಟ ಹಡಗಿನಲ್ಲಿ ಕೆಲಸ ಹಿಡಿದು, ತನ್ನ ಪುಸ್ತಕಗಳನ್ನು ಸಮುದ್ರಕ್ಕೆ ಎಸೆದ. ಪ್ಯಾರಿಸ್ಸಿನಲ್ಲಿ ಪಾತ್ರೆ ತೊಳೆದ. 1926ರಲ್ಲಿ ಮೊದಲ ಕವನ ಸಂಕಲನ ಬಂತು. ಬ್ಲೂಸ್ ಹಾಡಿನ ಲಯ ಕಾವ್ಯಕ್ಕೆ ಇಳಿದಿತ್ತು. ಕಾಲೇಜು ಬಿಡುವ ಆಲೋಚನೆಯಲ್ಲಿರುವ ಮಕ್ಕಳು ಇನ್ನೊಂದು ಸಂಗತಿಯನ್ನೂ ಗಮನಿಸಲಿ: 1929ರಲ್ಲಿ ಲಿಂಕನ್ ವಿಶ್ವವಿದ್ಯಾಲಯದಿಂದ ಆತ ಪದವಿ ಪಡೆದ.

ಸ್ವಲ್ಪ ಉತ್ತರಕ್ಕೆ, 142ನೇ ಬೀದಿಯಲ್ಲಿ ಕಾಟನ್ ಕ್ಲಬ್ ಇತ್ತು. 1927ರಿಂದ ಡ್ಯೂಕ್ ಎಲಿಂಗ್ಟನ್‌ರ ವಾದ್ಯವೃಂದ ಅಲ್ಲಿ ನುಡಿಸಿತು. ವೇದಿಕೆಯ ಮೇಲೆ ಕಪ್ಪು ಕಲಾವಿದರು, ಮೇಜುಗಳ ಮುಂದೆ ಬಿಳಿಯರು ಮಾತ್ರ. ಹಾರ್ಲೆಮ್‌ನ ನಿವಾಸಿಗಳಿಗೆ ಹಾರ್ಲೆಮ್‌ನಲ್ಲೇ ಪ್ರವೇಶವಿಲ್ಲ! ಗ್ರಂಥಾಲಯದ ಬಾಗಿಲಿಗೆ ಅಂಥ ಕಟ್ಟಳೆಯಿರಲಿಲ್ಲ.

ಹ್ಯೂಸ್ 1920ರಲ್ಲಿ, ತಂದೆಯನ್ನು ಕಾಣಲು ಹೊರಟ ರೈಲು ಮಿಸಿಸಿಪ್ಪಿ ದಾಟುವಾಗ ನದಿಗಳ ಬಗ್ಗೆ ಒಂದು ಕವನ ಬರೆದಿದ್ದರು. ಇಲ್ಲಿನ ಸಭಾಂಗಣದ ಮುಂದಿನ ನೆಲದಲ್ಲಿ ಅದನ್ನೇ ನೆನಪಿಸುವ, ನದಿಗಳ ವಿನ್ಯಾಸದ ದೊಡ್ಡ ವರ್ತುಲವಿದೆ. 1967ರಲ್ಲಿ ತೀರಿಕೊಂಡ ಕವಿಯ ಚಿತಾಭಸ್ಮವನ್ನು 1991ರಲ್ಲಿ ಅದರ ಕೆಳಗಿರಿಸಿದರು. ಆ ಸಮಾರಂಭದಲ್ಲಿ ಮಾಯಾ ಏಂಜೆಲೊ ಮತ್ತು ಅಮಿರಿ ಬರಾಕಾ ಅದರ ಮೇಲೆಯೇ ಕುಣಿದರು. ನಾನು ಮಾತ್ರ ಚಪ್ಪಲಿ ಕಾಲಿಡಲು ಮನಸ್ಸು ಬಾರದೆ ಅಂಚಿನಲ್ಲೇ ಸುತ್ತಿ ಹೋದೆ. ಶಾಲೆಯ ಮಕ್ಕಳ ಗುಂಪೊಂದು ವರ್ತುಲದ ನಡುವೆ ನಿಂತು, ಕೆತ್ತಿದ ಅಕ್ಷರಗಳನ್ನು ಬೆರಳಿಟ್ಟು ಓದುತ್ತಿತ್ತು.