ದುಬ್ರೋವ್ನಿಕ್ ನಗರಕ್ಕೆ ಹೋಗುವವರಿಗೆ

ಪ್ರವಾಸಕ್ಕೆ ಹೊರಡುವ ಗೃಹಸ್ಥನು ಮೊದಲು ಎಣಿಸುವುದು ಹಣವನ್ನು, ಅನಂತರ ದಿನಗಳನ್ನು. ಐರೋಪ್ಯ ದೇಶಗಳಿಗೆ ಹೋಗಿಬರುವ ನಮ್ಮವರು ಹತ್ತು ದಿನಗಳಲ್ಲಿ ಎಂಟು ಪಟ್ಟಣಗಳನ್ನು ನೋಡಿದೆವೆಂದು ಹೇಳಿಕೊಳ್ಳುವುದುಂಟು. ಅಂತಹ ಪಟ್ಟಿಯಲ್ಲಿ ದುಬ್ರೋವ್ನಿಕ್ ಎಂಬ ಹೆಸರು ಸೇರಿದರೆ ಅದರ ಪಾಲಿಗೆ ಸಿಕ್ಕುವುದು ಒಂದು ಹೊತ್ತು ಮಾತ್ರ. ಬೆಳಗ್ಗೆ ಹಡಗಿನಿಂದಿಳಿದು, ಕೋಟೆಯ ಬಾಗಿಲಲ್ಲಿ ನಿಂತು ಚಿತ್ರ ತೆಗೆಸಿಕೊಂಡು, ಸಂಜೆಯೊಳಗೆ ಮತ್ತೆ ಹಡಗನ್ನೇರುವುದು. ಈ ಊರನ್ನು ಹಾಗೆ ನೋಡುವುದಕ್ಕಿಂತ ನೋಡದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಕಾರಣವನ್ನು ಹೇಳಬೇಕಾದರೆ ಊರಿನ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕಾಗುವುದು.

ಭೂಮಧ್ಯ ಸಮುದ್ರವು ಇಟಲಿಗೂ ಬಾಲ್ಕನ್ ದೇಶಗಳಿಗೂ ನಡುವೆ ಉತ್ತರಕ್ಕೆ ನೀಳವಾಗಿ ಚಾಚಿಕೊಂಡ ಭಾಗಕ್ಕೆ ಆಡ್ರಿಯಾಟಿಕ್ ಎಂದು ಹೆಸರು. ಅದರ ಪೂರ್ವದ ದಡದಲ್ಲಿ, ಕ್ರೊಯೇಷಿಯಾ ದೇಶದ ದಕ್ಷಿಣದ ತುದಿಯಲ್ಲಿ, ಬೋಳುಗುಡ್ಡದ ಬುಡದಲ್ಲಿ ಈ ನಗರವಿರುವುದು. ಹಿಂದೆ ಇದಕ್ಕೆ ರಗೂಸಾ ಎಂದು ಹೆಸರು. ರಾಜನಿಲ್ಲದ ಸಣ್ಣ ಸಂಸ್ಥಾನವಾಗಿ, ಕೆಲವು ಕುಲೀನ ಮನೆತನಗಳವರ ಸಭೆಯಿಂದ ಆಳಲ್ಪಟ್ಟು, ಒಂದು ಕಡೆ ವೆನಿಸ್ಸನ್ನೂ ಇನ್ನೊಂದು ಕಡೆ ತುರುಕರ ಸಾಮ್ರಾಜ್ಯವನ್ನೂ ಇಟ್ಟುಕೊಂಡು ಶತಮಾನಗಳ ಕಾಲ ಬಾಳಿತು. ಯುದ್ಧದಿಂದಲ್ಲ, ಲೆಕ್ಕಾಚಾರದಿಂದ. ತುರುಕರ ಸುಲ್ತಾನನಿಗೆ ವರ್ಷಕ್ಕೆ ೧೨,೫೦೦ ಡುಕಾಟ್ ಚಿನ್ನದ ನಾಣ್ಯಗಳನ್ನು ಕಪ್ಪವಾಗಿ ತೆತ್ತು, ಅವನ ರಾಜ್ಯದಲ್ಲೆಲ್ಲ ವ್ಯಾಪಾರ ಮಾಡಿಕೊಂಡಿತು. ಅಧ್ಯಕ್ಷನಿಗೆ ರೆಕ್ಟರ್ ಎನ್ನುವರು. ಅವನ ಅಧಿಕಾರದ ಅವಧಿ ಒಂದೇ ತಿಂಗಳು. ಆ ತಿಂಗಳೆಲ್ಲ ಅವನು ರಾಜಕಾರ್ಯಕ್ಕಲ್ಲದೆ ಅರಮನೆಯಿಂದ ಹೊರಗೆ ಹೆಜ್ಜೆಯಿಡಕೂಡದು. ರಾತ್ರಿ ಊರಬಾಗಿಲುಗಳನ್ನು ಮುಚ್ಚಿ ಬೀಗದ ಕೈಗಳನ್ನು ಅವನ ವಶಕ್ಕೆ ಕೊಡುವರು. ಒಬ್ಬನ ಕೈಯಲ್ಲಿ ಅಧಿಕಾರವು ಬೇರುಬಿಡದಂತೆ ಇದಕ್ಕಿಂತ ಹೆಚ್ಚಿನ ಕಟ್ಟುಪಾಡನ್ನು ಕಲ್ಪಿಸುವುದು ಕಷ್ಟ.

ಈ ಜನರು ಮಾಡಿದ ಕೆಲಸಗಳಲ್ಲಿ ಒಂದು ನಮ್ಮೆಲ್ಲರ ಮನೆಬಾಗಿಲಿಗೂ ಬಂದುಹೋಗಿದೆ. ಯೂರೋಪನ್ನು ಪ್ಲೇಗು ಮಾರಿ ಸೂರೆಮಾಡಿದ ಕಾಲದಲ್ಲಿ ಬೇರೆ ಊರಿನವರು ಬಾಗಿಲನ್ನು ಭದ್ರವಾಗಿ ಮುಚ್ಚಿ ಕುಳಿತರು. ರಗೂಸಾದವರಿಗೆ ಅದು ಸಾಧ್ಯವಿರಲಿಲ್ಲ. ಬಾಗಿಲು ಮುಚ್ಚಿದರೆ ವ್ಯಾಪಾರ ಸಾಯುವುದು, ತೆರೆದರೆ ಮಕ್ಕಳು ಸಾಯುವರು. ೧೩೭೭ನೆಯ ಇಸವಿ ಜುಲೈ ತಿಂಗಳಲ್ಲಿ ಮಹಾಸಭೆಯು ಒಂದು ನಿರ್ಣಯ ಮಾಡಿತು: ರೋಗವಿರುವ ಸೀಮೆಯಿಂದ ಬಂದವರು ಮ್ರ್ಕಾನ್ ಎಂಬ ಕಿರುದ್ವೀಪದಲ್ಲಾಗಲಿ ಸಮೀಪದ ತ್ಸಾವ್ಟಾಟ್ ಊರಿನಲ್ಲಾಗಲಿ ಒಂದು ತಿಂಗಳು ಕಳೆದಲ್ಲದೆ ನಗರವನ್ನು ಪ್ರವೇಶಿಸಕೂಡದು. ತಿಂಗಳು ಮುಂದೆ ನಾಲ್ವತ್ತು ದಿನಗಳಾಯಿತು. ಇಟಲಿಯ ನುಡಿಯಲ್ಲಿ ನಾಲ್ವತ್ತೆಂಬ ಆ ಮಾತಿನಿಂದಲೇ ಕ್ವಾರಂಟೀನು ಎಂಬ ಶಬ್ದ ಹುಟ್ಟಿತು. ೧೮೯೮ರ ಪ್ಲೇಗಿನಲ್ಲಿ ಬೆಂಗಳೂರಿನವರು ಮನೆಮಠಗಳನ್ನು ಬಿಟ್ಟು ಗುಡಿಸಲು ಸೇರಿದ ಕಥೆಯನ್ನು ಹಿರಿಯರ ಬಾಯಿಂದ ಕೇಳಿದ ಮನೆತನಗಳು ನಮ್ಮಲ್ಲಿವೆ. ೨೦೨೦ರ ಮಾರಿಯನ್ನಂತೂ ನಾವೇ ಕಂಡಿದ್ದೇವೆ. ಕೋಟೆಯ ಪೂರ್ವದ ಬಾಗಿಲಾಚೆ ಸಮುದ್ರಕ್ಕೆ ಮೊಗಮಾಡಿ ನಿಂತಿರುವ ಲಾಜರೆಟ್ಟುಗಳೆಂಬ ಕಲ್ಲಿನ ಕಟ್ಟಡಗಳು ಮುಂದೆ ಇದೇ ಕಾರ್ಯಕ್ಕಾಗಿ ಕಟ್ಟಿದವು. ಹೆಚ್ಚಿನವರು ಅವುಗಳ ಮುಂದೆ ನಿಲ್ಲದೆ ನಡೆದುಬಿಡುವರು. ಅರ್ಧ ಗಂಟೆ ನಿಂತು ನೋಡತಕ್ಕ ಸ್ಥಳವದು.

ಇನ್ನೂ ಎರಡು ಸಂಗತಿ. ೧೪೧೬ರಲ್ಲಿ ಇವರು ಮನುಷ್ಯರನ್ನು ಗುಲಾಮರನ್ನಾಗಿ ಮಾರುವ ವ್ಯಾಪಾರವನ್ನು ನಿಷೇಧಿಸಿದರು. ೧೪೩೨ರಲ್ಲಿ ತೊರೆದ ಶಿಶುಗಳಿಗಾಗಿ ಅನಾಥಾಲಯವನ್ನು ಸ್ಥಾಪಿಸಿದರು. ಕುಡಿಯುವ ನೀರಿಗೆಂದು ಸುಮಾರು ಹನ್ನೆರಡು ಕಿಲೋಮೀಟರು ದೂರದಿಂದ ಕಾಲುವೆ ತರಿಸಿದರು. ನೇಪಲ್ಸಿನ ಒನೋಫ್ರಿಯೋ ಎಂಬ ಶಿಲ್ಪಿಯು ೧೪೩೮ರಲ್ಲಿ ಮುಗಿಸಿದ ಕಾರಂಜಿಯು ಪಶ್ಚಿಮದ ಬಾಗಿಲ ಒಳಗಡೆ ಈಗಲೂ ಇದೆ. ಅದರ ಹದಿನಾರು ಮುಖಗಳ ಬಾಯಿಂದ ನೀರು ಬೀಳುವುದು. ಪಕ್ಕದ ಫ್ರಾನ್ಸಿಸ್ಕನ್ ಮಠದ ಔಷಧಶಾಲೆಯು ೧೩೧೭ರಿಂದ ಇರುವುದು. ಚೌಕದಲ್ಲಿ ೧೪೧೮ರಲ್ಲಿ ನಿಲ್ಲಿಸಿದ ವೀರ ಓರ್ಲಾಂಡೋನ ವಿಗ್ರಹದ ಮುಂಗೈ ಈ ಊರಿನ ಮೊಳ. ಬಟ್ಟೆಯ ವ್ಯಾಪಾರಿಯು ಅಳತೆಯಲ್ಲಿ ಮೋಸಮಾಡಿದನೋ ಇಲ್ಲವೋ ಎಂದು ಅದಕ್ಕೆ ಹೋಲಿಸಿ ನೋಡಬಹುದಾಗಿತ್ತು. ನಮ್ಮ ಗೃಹಿಣಿಯರು ಇದನ್ನು ಮೆಚ್ಚದಿರಲಾರರು.

೧೬೬೭ರ ಏಪ್ರಿಲ್ ೬ರಂದು ಭೂಕಂಪವಾಗಿ ಊರು ಬಹುಪಾಲು ಕುಸಿಯಿತು; ಸಾವಿರಾರು ಜನರೊಡನೆ ರೆಕ್ಟರನೂ ಮಡಿದನು. ಈಗ ಕಾಣುವ ಸಾಲುಮನೆಗಳ ಸಮವಾದ ಅಂದವು ಆ ಮೇಲಣದು. ೧೮೦೮ರಲ್ಲಿ ನೆಪೋಲಿಯನ್ನನ ಸೈನ್ಯಾಧಿಕಾರಿಯು ಸಂಸ್ಥಾನವನ್ನೇ ರದ್ದುಮಾಡಿದನು. ಯುಗೊಸ್ಲಾವಿಯಾ ಒಡೆದಾಗ, ೧೯೯೧ರ ಡಿಸೆಂಬರ್ ೬ರಂದು, ಗುಡ್ಡದ ಕಡೆಯಿಂದ ಬಿದ್ದ ಗುಂಡುಗಳಿಂದ ಹಳೆಯ ಊರಿನ ಮನೆಗಳಲ್ಲಿ ಅನೇಕವು ಜಖಮಾದವು. ಕೋಟೆಗೋಡೆಯ ಮೇಲಿಂದ ನೋಡಿದರೆ ಮಾಡಿನ ಹೆಂಚುಗಳು ಎರಡು ಬಣ್ಣವಾಗಿ ತೋರುವುವು: ಮಾಸಿದವು ಹಳೆಯವು, ಕೆಂಪಾಗಿರುವುವು ಯುದ್ಧವಾದ ಮೇಲೆ ಹೊದಿಸಿದವು. ಎಷ್ಟು ಕೆಂಪೆಂಬುದನ್ನು ಎಣಿಸುವುದಕ್ಕಾದರೂ ಗೋಡೆಯನ್ನು ಹತ್ತಬೇಕು.

ಇಷ್ಟನ್ನೂ ತಾಳಿಕೊಂಡ ಊರಿಗೆ ಈಗ ಬಂದಿರುವ ಕಷ್ಟವು ಅತಿಥಿಗಳದು. ಹಳೆಯ ಕೋಟೆಯೊಳಗೆ ೧೯೯೧ರ ಸುಮಾರಿನಲ್ಲಿ ಐದು ಸಾವಿರ ನಿವಾಸಿಗಳಿದ್ದರು. ಈಗ ಎರಡು ಸಾವಿರವೂ ಇಲ್ಲ. ಮನೆಗಳೆಲ್ಲ ಪ್ರವಾಸಿಗಳ ಬಾಡಿಗೆಬಿಡಾರಗಳಾಗಿವೆ. ಸಿನಿಮಾ ಕಥೆಗಳನ್ನು ಚಿತ್ರಿಸಿದ ಮೆಟ್ಟಿಲುಗಳನ್ನು ನೋಡುವುದಕ್ಕೇ ಬರುವವರು ಬೇರೆ. ದೊಡ್ಡ ಹಡಗುಗಳು ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಬಾರದಂತೆ ೨೦೧೯ರ ಸುಮಾರಿಗೆ ನಗರಸಭೆಯವರು ಮಿತಿಯನ್ನಿಟ್ಟರು. ಪರಸ್ಥಳದವರನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ಆರು ಶತಮಾನಗಳ ಹಿಂದೆ ಯೋಚಿಸಿದವರ ಮಕ್ಕಳು ಅದೇ ಲೆಕ್ಕವನ್ನು ಮತ್ತೆ ಹಾಕುತ್ತಿದ್ದಾರೆ. ಹೋಗುವವರು ಅವರ ಲೆಕ್ಕಕ್ಕೆ ಅನುಕೂಲವಾಗುವಂತೆ ಹೋಗಬಹುದು. ಅದರಿಂದ ತಮಗೂ ಸುಖವುಂಟು.

ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಡತಕ್ಕದ್ದು. ಬಿಸಿಲು, ಜನಸಂದಣಿ, ಬೆಲೆ ಮೂರೂ ಆಗ ನೆತ್ತಿಗೇರಿರುವುವು. ಮೇ ತಿಂಗಳು ಉತ್ತಮ. ನಮ್ಮ ಶಾಲೆಗಳ ಬೇಸಗೆಯ ರಜೆಯೊಡನೆ ಅದು ಹೊಂದಿಕೊಳ್ಳುವುದು ಒಂದು ಅನುಕೂಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ತನಕ ಸಮುದ್ರದ ನೀರು ಸ್ನಾನಕ್ಕೆ ಹಿತವಾಗಿರುವುದು. ನವೆಂಬರಿನಲ್ಲಿ ಮಳೆ ಹಿಡಿಯುವುದು. ಬಿಡಾರಗಳಲ್ಲಿ ಹಲವು ಮುಚ್ಚುವುವು. ಚಳಿಗಾಲದಲ್ಲಿ ಬುರಾ ಎಂಬ ಈಶಾನ್ಯದ ಗಾಳಿ ಎದ್ದರೆ ಎಲುಬಿಗೆ ತಾಗುವುದು. ಆದರೂ ಫೆಬ್ರವರಿ ೩ರ ಸಂತ ಬ್ಲೇಸನ ಉತ್ಸವವನ್ನು ನೋಡುವ ಆಸೆಯಿದ್ದವರು ಕಂಬಳಿಯಂಗಿ ಹೊತ್ತು ಹೋಗಲಿ. ಊರು ತನ್ನವರಿಗಾಗಿಯೇ ಇರುವ ದಿನವದು.

ಬೆಂಗಳೂರಿನಿಂದ ನೇರವಾಗಿ ವಿಮಾನವಿಲ್ಲ. ನಡುವೆ ಒಂದು ಕಡೆಯಾದರೂ ಇಳಿದು ಹತ್ತಬೇಕು. ಈ ಊರಿಗೆ ರೈಲೂ ಇಲ್ಲ. ಕ್ರೊಯೇಷಿಯಾ ದೇಶವು ೨೦೨೩ರ ಜನವರಿಯಲ್ಲಿ ಷೆಂಗೆನ್ ವಲಯವನ್ನು ಸೇರಿ ಯೂರೋ ನಾಣ್ಯವನ್ನು ಅಂಗೀಕರಿಸಿತಾದ್ದರಿಂದ, ಇಟಲಿಯೋ ಫ್ರಾನ್ಸೋ ಜತೆಗಿದ್ದರೆ ಒಂದೇ ವೀಸಾ ಸಾಕು. ಹಿಂದೆ ಉತ್ತರದ ಸ್ಪ್ಲಿಟ್ ನಗರದಿಂದ ಬಸ್ಸಿನಲ್ಲಿ ಬರುವವರು ನಡುವೆ ಬಾಸ್ನಿಯಾ ದೇಶದ ಚೂರನ್ನು ದಾಟಿ ಎರಡು ಸಲ ಪಾಸ್‌ಪೋರ್ಟ್ ತೋರಿಸಬೇಕಾಗಿತ್ತು. ೨೦೨೨ರಲ್ಲಿ ತೆರೆದ ಪೆಲ್ಯೆಷಾಟ್ಸ್ ಸೇತುವೆಯು ಆ ತೊಡಕನ್ನು ಕಳೆಯಿತು.

ಕನಿಷ್ಠ ನಾಲ್ಕು ರಾತ್ರಿಗಳಾದರೂ ಇರತಕ್ಕದ್ದು. ವಯಸ್ಸಾದ ತಂದೆತಾಯಿಗಳನ್ನು ಕರೆದೊಯ್ಯುವವರು ಕೋಟೆಯೊಳಗೆ ಬಿಡಾರ ಹಿಡಿಯಬಾರದು; ಮುಖ್ಯಬೀದಿಯ ಎರಡು ಮಗ್ಗುಲಿನ ಓಣಿಗಳೂ ಮೆಟ್ಟಿಲುಮಯ. ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡೇ ಹತ್ತಬೇಕಾದೀತು. ಲಾಪಾಡ್ ಬಡಾವಣೆ ಒಳ್ಳೆಯದು: ತಿರುಗಾಡುವುದಕ್ಕೆ ಸಮವಾದ ದಾರಿಯೂ ಸಮುದ್ರತೀರವೂ ಇವೆ, ಕೋಟೆಗೆ ಬಸ್ಸು ಸಿಕ್ಕುವುದು. ಕೋಟೆಗೋಡೆಯ ಸುತ್ತು ೧,೯೪೦ ಮೀಟರು. ನೆರಳು ಬಹಳ ಕಡಮೆ, ಮೆಟ್ಟಿಲು ಬಹಳ. ಬಾಗಿಲು ತೆರೆದೊಡನೆ ಬೆಳಗ್ಗೆಯೇ ಹತ್ತಿ, ಗೋಡೆಯ ಅತ್ಯುನ್ನತ ಸ್ಥಾನವಾದ ಮಿನ್ಚೆಟಾ ಬುರುಜನ್ನು ಬಿಸಿಲೇರುವ ಮೊದಲೇ ಮುಗಿಸುವುದು ಜಾಣತನ. ಹತ್ತಲಾರದವರು ಸ್ರ್ಡ್ ಗುಡ್ಡಕ್ಕೆ ತೂಗುಬಂಡಿಯಲ್ಲಿ ಹೋಗಿ ಇಡೀ ಊರನ್ನು ಅಂಗೈಮೇಲೆ ಇಟ್ಟಂತೆ ನೋಡಬಹುದು. ಟಿಕೆಟ್ಟಿನ ಬೆಲೆ ಎಲ್ಲಿಯೂ ಕಡಮೆಯಲ್ಲ.

ಶಾಕಾಹಾರಿಗಳು ಹೆದರಬೇಕಾದ್ದಿಲ್ಲ. ಬ್ಲಿಟ್ವಾ ಎಂಬ ಸೊಪ್ಪನ್ನು ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವೆಣ್ಣೆಗಳೊಡನೆ ಬೇಯಿಸಿ ಕೊಡುವರು. ಅದು ನಮ್ಮ ಪಲ್ಯಕ್ಕೆ ದೂರದ ನೆಂಟ. ಕಪ್ಪಗಿರುವ ಅನ್ನವನ್ನು ಮಾತ್ರ ಕೇಳದೆ ಬಾಯಿಗಿಡಕೂಡದು. ಅದರ ಬಣ್ಣವು ಒಂದು ಕಡಲಪ್ರಾಣಿಯ ಮಸಿಯಿಂದ ಬಂದದ್ದು. ಬೆಳಗಿನ ಸಂತೆಯಲ್ಲಿ ಒಣ ಅಂಜೂರವನ್ನೂ ಸಕ್ಕರೆಯಲ್ಲಿ ಪಾಕಮಾಡಿದ ಕಿತ್ತಳೆಯ ಸಿಪ್ಪೆಯನ್ನೂ ಕೊಂಡು ಮನೆಗೆ ತರಬಹುದು. ಒಂದು ದಿನವನ್ನು ಸ್ಟೋನ್ ಊರಿಗೆ ಮೀಸಲಿಡಬೇಕು. ಹಳೆಯ ಸಂಸ್ಥಾನದ ಬೊಕ್ಕಸವನ್ನು ತುಂಬಿದ ಉಪ್ಪಿನ ಮಡಿಗಳು ಅಲ್ಲಿ ಇಂದಿಗೂ ಇವೆ.

ಎಲ್ಲಿ ಇಳಿದುಕೊಳ್ಳುವುದೆಂದು ಇನ್ನೂ ನಿಶ್ಚಯಿಸದಿರುವವರಿಗೆ ನನ್ನದೊಂದು ಸೂಚನೆ. ವಿಮಾನನಿಲ್ದಾಣಕ್ಕೆ ಹತ್ತಿರವಾಗಿ, ನಗರಕ್ಕೆ ಹದಿನೇಳು ಹದಿನೆಂಟು ಕಿಲೋಮೀಟರು ದಕ್ಷಿಣದಲ್ಲಿ, ದೇವದಾರುಗಳ ನೆರಳಿನ ಸಣ್ಣ ಬಂದರೊಂದಿದೆ. ಬಾಡಿಗೆ ನಗರಕ್ಕಿಂತ ಹಗುರ. ಋತುವಿನಲ್ಲಿ ಅಲ್ಲಿಂದ ದೋಣಿ ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಹಳೆಯ ಕೋಟೆಯ ಬಂದರಿನೊಳಕ್ಕೇ ಹೋಗಿ ಇಳಿಯಬಹುದು. ಪಡುವಣ ಕಡಲಲ್ಲಿ ಮ್ರ್ಕಾನ್ ಕಿರುದ್ವೀಪವು ಕಾಣುವುದು. ಊರಿನ ಹೆಸರು ತ್ಸಾವ್ಟಾಟ್.